ನೆಟ್ ಚೆನ್ನಾಗಿದೆ, ಹಾಡು ಮಾತ್ರ ನಿಲ್ಲುತ್ತದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವೈಫೈ ಸ್ಪೀಕರ್ ಬಗ್ಗೆಯೇ ಇದ್ದವು. ಹಾಡು ತಡವರಿಸುತ್ತದೆ, ಸ್ಪೀಕರ್ ಫೋನಿಗೆ ಕಾಣುವುದಿಲ್ಲ, ಕರೆಂಟ್ ಹೋಗಿ ಬಂದ ಮೇಲೆ ಮಾಯವಾಗುತ್ತದೆ, ಹೀಗೆ. ಎಲ್ಲವೂ ನಮ್ಮ ಕಡೆಯ ಊರುಗಳಿಂದ ಬಂದವು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರು ಹಾಡಿದ ಊರುಗಳಿವು, ಇಲ್ಲಿ ಜನ ಸ್ಪೀಕರ್ ತರುವುದು ಗದ್ದಲಕ್ಕಲ್ಲ, ಕೂತು ಕೇಳುವುದಕ್ಕೆ. ಸಿನಿಮಾ ಹಾಡು ಎರಡು ಸೆಕೆಂಡ್ ನಿಂತರೆ ಸಹಿಸಬಹುದು. ವಿಲಂಬಿತದಲ್ಲಿ ಆಲಾಪ ನಿಧಾನವಾಗಿ ಏರುತ್ತಿರುವಾಗ ಸದ್ದು ಕಡಿದರೆ ಆ ರಾಗದ ಗುಂಗೇ ಹೋಗಿಬಿಡುತ್ತದೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ನಮ್ಮದು ಹಳೆಯ ಹೆಂಚಿನ ಮನೆ, ಗೋಡೆಗಳು ಮೊಳ ದಪ್ಪ ಇವೆ. ರೌಟರ್ ಮುಂದಿನ ಪಡಸಾಲೆಯಲ್ಲಿದೆ, ಸ್ಪೀಕರ್ ಹಿಂದಿನ ಕೋಣೆಯಲ್ಲಿ. 100 ಎಂಬಿಪಿಎಸ್ ಪ್ಲಾನ್ ಇದ್ದಾಗ ಹಾಡು ನಿಂತು ನಿಂತು ಬರುತ್ತಿತ್ತು. 200ಕ್ಕೆ ಏರಿಸಿದೆವು, ಏನೂ ಬದಲಾಗಲಿಲ್ಲ. 300ಕ್ಕೆ ಹೋಗಬೇಕೇ?
– ಮಾಳಮಡ್ಡಿ, ಧಾರವಾಡ

ಉತ್ತರ: ಬೇಡ. ದಯವಿಟ್ಟು ಆ ದುಡ್ಡು ಉಳಿಸಿ. ಹಾಡಿಗೆ ಎಷ್ಟು ನೆಟ್ ಬೇಕು ಅಂತ ಒಮ್ಮೆ ಲೆಕ್ಕ ಹಾಕಿ ನೋಡೋಣ. ಆ್ಯಪ್‌ಗಳಲ್ಲಿ ಒಳ್ಳೆಯ ಗುಣಮಟ್ಟ ಅಂತ ಆರಿಸಿದರೆ ಸಾಮಾನ್ಯವಾಗಿ ಬರುವುದು 320 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್‌ನ ಮೂರನೇ ಒಂದು ಭಾಗದಷ್ಟು. ಸಿಡಿಯಲ್ಲಿರುವ ಸದ್ದನ್ನು ಒಂದಿಷ್ಟೂ ಕುಗ್ಗಿಸದೆ ಕಳಿಸಿದರೂ 1411 ಕೆಬಿಪಿಎಸ್, ಒಂದೂವರೆ ಎಂಬಿಪಿಎಸ್ ಕೂಡ ಆಗುವುದಿಲ್ಲ. ನಿಮ್ಮ ಮೊದಲಿನ 100ರ ಪ್ಲಾನೇ ಧಾರಾಳವಾಗಿತ್ತು. ನೆಟ್ ನಿಮ್ಮ ಮನೆ ಬಾಗಿಲಿನವರೆಗೆ ಚೆನ್ನಾಗಿಯೇ ಬರುತ್ತಿದೆ. ಪಡಸಾಲೆಯಿಂದ ಹಿಂದಿನ ಕೋಣೆಗೆ ಹೋಗುವ ಹತ್ತು ಹೆಜ್ಜೆಯಲ್ಲಿ ಸೋತು ಹೋಗುತ್ತಿದೆ.

ನನ್ನ ಮಾತು ನಂಬುವುದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಸ್ಪೀಕರ್ ಎತ್ತಿಕೊಂಡು ಬಂದು ಒಂದು ಸಂಜೆ ರೌಟರ್‌ನಿಂದ ನಾಲ್ಕು ಅಡಿ ದೂರ ಇಡಿ, ಒಂದು ತಾಸು ಹಾಡು ಹಾಕಿ. ಅಲ್ಲಿ ಒಮ್ಮೆಯೂ ನಿಲ್ಲದಿದ್ದರೆ ದೋಷ ದಾರಿಯದ್ದು. ಅಲ್ಲಿಯೂ ನಿಂತರೆ ಮಾತ್ರ ನೆಟ್ ಅಥವಾ ಸ್ಪೀಕರ್ ಮೇಲೆ ಅನುಮಾನ ಪಡಬೇಕು. ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಖರ್ಚಿಲ್ಲದೆ ಅರ್ಧ ಕಾರಣಗಳನ್ನು ಪಕ್ಕಕ್ಕೆ ಸರಿಸುತ್ತದೆ.

ಈಗ ಗೋಡೆಯ ವಿಷಯ. ಇವತ್ತಿನ ರೌಟರ್‌ಗಳು ಎರಡು ಬ್ಯಾಂಡ್‌ನಲ್ಲಿ ವೈಫೈ ಕೊಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರದ್ದು ವೇಗ ಜಾಸ್ತಿ, ಆದರೆ ಮಣ್ಣು ಮತ್ತು ಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4ರದ್ದು ವೇಗ ಕಡಿಮೆ, ಗೋಡೆ ದಾಟುವ ಶಕ್ತಿ ಹೆಚ್ಚು. ಬಹಳಷ್ಟು ರೌಟರ್‌ಗಳಲ್ಲಿ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತಾರೆ. ಆಗ ಸ್ಪೀಕರ್ 5ನ್ನು ಹಿಡಿದುಕೊಂಡು, ಸಿಗ್ನಲ್ ಕ್ಷೀಣವಾದರೂ ಬಿಡದೆ ಒದ್ದಾಡುತ್ತಿರಬಹುದು. ರೌಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಸ್ಪೀಕರನ್ನು 2.4ಕ್ಕೆ ಕೂಡಿಸಿ. ಫೋನ್ 5ರಲ್ಲೇ ಇರಲಿ, ತೊಂದರೆ ಇಲ್ಲ. ಹೆಸರು ಎರಡಾದರೂ ರೌಟರ್ ಒಂದೇ ಆದ್ದರಿಂದ ಅವು ಒಂದನ್ನೊಂದು ನೋಡುತ್ತವೆ. 2.4ರ ಚಾನಲ್ ಕೂಡ ನೋಡಿ. 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ, ಅಕ್ಕಪಕ್ಕದ ಮನೆಗಳು ಯಾವುದನ್ನು ಕಡಿಮೆ ಬಳಸುತ್ತಿವೆಯೋ ಅದನ್ನು ಆರಿಸಿ. ಫೋನಿನಲ್ಲಿ ವೈಫೈ ಅನಲೈಸರ್ ತರಹದ ಆ್ಯಪ್ ಹಾಕಿಕೊಂಡರೆ ಗೊತ್ತಾಗುತ್ತದೆ. ಅದೇ ಆ್ಯಪ್‌ನಲ್ಲಿ ಸಿಗ್ನಲ್ ಬಲವೂ ಕಾಣುತ್ತದೆ. ಸ್ಪೀಕರ್ ಇರುವ ಜಾಗದಲ್ಲಿ ಮೈನಸ್ 60ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 75 ದಾಟಿತು ಅಂದರೆ ಕಷ್ಟ.

ರೌಟರ್ ಎಲ್ಲಿಟ್ಟಿದ್ದೀರಿ ಅಂತ ಬರೆದಿಲ್ಲ. ಕಬ್ಬಿಣದ ತಿಜೋರಿಯ ಮೇಲೆ ಅಥವಾ ಹಿಂದೆ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ, ಲೋಹ ಮತ್ತು ದೊಡ್ಡ ಕನ್ನಡಿ ಎರಡೂ ವೈಫೈಗೆ ಗೋಡೆಗಿಂತ ಕೆಟ್ಟವು. ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಹಿಂದಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಯಾವುದಾದರೂ ಆಗುತ್ತದೆ, 100 ಮೀಟರ್ ತನಕ ಅದು ಸಲೀಸಾಗಿ ಕೆಲಸ ಮಾಡುತ್ತದೆ. ಹೆಂಚಿನ ಮನೆಯಲ್ಲಿ ಅಟ್ಟದ ಮೇಲಿಂದ ಕೇಬಲ್ ಒಯ್ಯಬಹುದು, ಗೋಡೆ ಕೊರೆಯಬೇಕಾಗಿಲ್ಲ. ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಡಬ್ಬಿ, ತರುವ ಯೋಚನೆ ಇದ್ದರೆ ಒಂದು ಮಾತು: ಅದನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿ ಇಡಬೇಡಿ, ಇನ್ನೂ ಸಿಗ್ನಲ್ ಚೆನ್ನಾಗಿರುವ ನಡುಮನೆಯಲ್ಲಿ ಇಡಿ. ಇಲ್ಲದ್ದನ್ನು ಅದು ತಾನೇ ಹುಟ್ಟಿಸಿ ಕೊಡಲಾರದು.

ಪ್ರಶ್ನೆ: ಫೈಬರ್ ಕಂಪನಿಯವರು ಕೊಟ್ಟ ಡಬ್ಬಿ ಕೆಳಗಿನ ಮನೆಯಲ್ಲಿದೆ, ಅದರಿಂದ ವೈರ್ ಎಳೆದು ಮೇಲಿನ ಮನೆಗೆ ನಮ್ಮದೇ ಒಂದು ರೌಟರ್ ಹಾಕಿದ್ದೇವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೆ ಮೇಲಿನ ಸ್ಪೀಕರ್ ಒಮ್ಮೊಮ್ಮೆ ಫೋನಿಗೆ ಕಾಣುತ್ತದೆ, ಒಮ್ಮೊಮ್ಮೆ ಇಲ್ಲವೇ ಇಲ್ಲ. ಅಂಗಡಿಯವರು ಸ್ಪೀಕರ್ ಕೆಟ್ಟಿದೆ, ಬದಲಿಸಿ ಅನ್ನುತ್ತಿದ್ದಾರೆ.
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬದಲಿಸಬೇಡಿ. ನೀವು ಬರೆದ ಎರಡನೇ ವಾಕ್ಯದಲ್ಲೇ ಕಾರಣ ಇದೆ. ಹೆಸರು ಒಂದೇ ಆದ ಮಾತ್ರಕ್ಕೆ ನೆಟ್‌ವರ್ಕ್ ಒಂದೇ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಈಗ ಎರಡು ಓಣಿಗಳಿವೆ, ಎರಡರ ಬಾಯಲ್ಲೂ ಒಂದೇ ಬೋರ್ಡ್ ನೇತುಹಾಕಿದ್ದೀರಿ, ಅಷ್ಟೇ.

ಇದು ಅರ್ಥವಾಗಬೇಕಾದರೆ ಫೋನ್ ಸ್ಪೀಕರನ್ನು ಹೇಗೆ ಹುಡುಕುತ್ತದೆ ಅಂತ ತಿಳಿಯಬೇಕು. ನೀವು ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿದಾಗ ಫೋನ್ ತಾನಿರುವ ನೆಟ್‌ವರ್ಕ್‌ನಲ್ಲಿ "ಇಲ್ಲಿ ಹಾಡು ನುಡಿಸುವವರು ಯಾರಾದರೂ ಇದ್ದೀರಾ" ಅಂತ ಕೂಗು ಹಾಕುತ್ತದೆ. ಫೋನಿನಿಂದ ಸ್ಪೀಕರ್‌ನಲ್ಲಿ ಹಾಡು ನುಡಿಸುವ ಕ್ರೋಮ್‌ಕಾಸ್ಟ್, ಏರ್‌ಪ್ಲೇ ತರಹದ ವ್ಯವಸ್ಥೆಗಳು ಇದಕ್ಕೆ ಎಂಡಿಎನ್‌ಎಸ್ ಎಂಬ ವಿಧಾನ ಬಳಸುತ್ತವೆ, ಅಂಥದ್ದೇ ಇನ್ನೊಂದಾದ ಡಿಎಲ್‌ಎನ್‌ಎ ಇರುವವು ಎಸ್‌ಎಸ್‌ಡಿಪಿ ಬಳಸುತ್ತವೆ. ಎರಡರದ್ದೂ ಗುಣ ಒಂದೇ: ಕೂಗು ಆ ಓಣಿಯೊಳಗೆ ಮಾತ್ರ ಕೇಳಿಸುತ್ತದೆ, ರೌಟರ್ ಎಂಬ ಹೊಸ್ತಿಲು ದಾಟುವುದಿಲ್ಲ. ಫೋನ್ ಮೇಲಿನ ರೌಟರ್ ಹಿಡಿದಾಗ ಸ್ಪೀಕರ್ ಕಾಣುತ್ತದೆ. ಕೆಳಗಿಳಿದು ಬಂದಾಗ ಫೋನ್ ಸದ್ದಿಲ್ಲದೆ ಕೆಳಗಿನ ಡಬ್ಬಿಗೆ ಜಾರುತ್ತದೆ, ಸ್ಪೀಕರ್ ಮಾಯ. ನಿಮಗೆ ಎರಡೂ ಕಡೆ ಒಂದೇ ಹೆಸರು ಕಾಣುವುದರಿಂದ ಅನುಮಾನವೇ ಬರುವುದಿಲ್ಲ, ಅಲ್ವಾ?

ಖಾತ್ರಿ ಮಾಡಿಕೊಳ್ಳುವುದು ಸುಲಭ. ಫೋನಿನ ವೈಫೈ ವಿವರದಲ್ಲಿ ಐಪಿ ವಿಳಾಸ ಅಂತ ನಾಲ್ಕು ಸಂಖ್ಯೆ ಇರುತ್ತವೆ. ಕೆಳಗೆ ನಿಂತು ನೋಡಿ, ಮೇಲೆ ಹೋಗಿ ನೋಡಿ. ಕೆಳಗೆ 192.168.1 ಅಂತಲೂ ಮೇಲೆ 192.168.0 ಅಂತಲೂ ಬಂದರೆ, ಅಂದರೆ ಮೂರನೇ ಸಂಖ್ಯೆ ಬೇರೆಯಾದರೆ, ನಾನು ಹೇಳಿದ್ದೇ ಕಾರಣ.

ಪರಿಹಾರಕ್ಕೆ ಹೊಸದೇನೂ ಕೊಳ್ಳಬೇಕಾಗಿಲ್ಲ. ಮೇಲಿನ ರೌಟರ್‌ನ ಸೆಟ್ಟಿಂಗ್‌ನಲ್ಲಿ ಆಪರೇಷನ್ ಮೋಡ್ ಎಂಬಲ್ಲಿ ಆ್ಯಕ್ಸೆಸ್ ಪಾಯಿಂಟ್ ಅಂತ ಇದ್ದರೆ ಅದನ್ನು ಆರಿಸಿ, ಕೆಲಸ ಮುಗಿಯಿತು. ಆಗ ಅದು ವಿಳಾಸ ಹಂಚುವ ಕೆಲಸ ಬಿಟ್ಟು ಬರೀ ವೈಫೈ ಹರಡುತ್ತದೆ, ಇಡೀ ಮನೆ ಒಂದೇ ಓಣಿಯಾಗುತ್ತದೆ. ಹಳೆಯ ರೌಟರ್‌ನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಕೈಯಿಂದಲೇ ಮಾಡಬಹುದು. ಮೊದಲು ಅದರ ಸ್ವಂತ ವಿಳಾಸವನ್ನು ಕೆಳಗಿನ ಡಬ್ಬಿಯ ಸಾಲಿಗೆ ತನ್ನಿ. ಡಬ್ಬಿ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆ ಸಂಖ್ಯೆ ಬೇರೆ ಯಾವುದಕ್ಕೂ ಹೋಗಿಲ್ಲ ಅಂತ ನೋಡಿಕೊಂಡು. ಆಮೇಲೆ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೆಟ್ಟಿಂಗ್, ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ವೈರನ್ನು ವ್ಯಾನ್ ಅಂತ ಬರೆದ ಕಿಂಡಿಯಿಂದ ತೆಗೆದು ಲ್ಯಾನ್ ಅಂತ ಬರೆದ ಯಾವುದಾದರೂ ಕಿಂಡಿಗೆ ಹಾಕಿ. ಈ ಕ್ರಮ ತಪ್ಪಿಸಬೇಡಿ. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿಬಿಟ್ಟರೆ ಆ ರೌಟರ್‌ನ ಸೆಟ್ಟಿಂಗ್ ಪುಟ ಮತ್ತೆ ತೆರೆಯುವುದು ಕಷ್ಟವಾಗುತ್ತದೆ, ರೀಸೆಟ್ ಮಾಡಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಮೂರನೇ ಸಂಖ್ಯೆ ಎರಡೂ ಕಡೆ ಒಂದೇ ಇದ್ದರೆ ಬೇರೆ ಕಡೆ ನೋಡಬೇಕು. ಸ್ಪೀಕರ್ ಗೆಸ್ಟ್ ವೈಫೈಗೆ ಕೂಡಿಲ್ಲವಷ್ಟೇ? ಗೆಸ್ಟ್ ವೈಫೈ ಇರುವುದೇ ಬಂದವರ ಫೋನ್ ಮನೆಯ ಸಾಮಾನುಗಳನ್ನು ನೋಡದಿರಲಿ ಅಂತ. ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಎಂಬುದು ಆನ್ ಆಗಿದ್ದರೂ ಇದೇ ಗತಿ, ಅದನ್ನು ಆಫ್ ಮಾಡಿ. ಫೋನಿನಲ್ಲಿ ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ ನೋಡಿ. ಐಫೋನ್ ಆಗಿದ್ದರೆ ಇನ್ನೊಂದು ವಿಷಯ ಇದೆ. 2020ರಲ್ಲಿ ಬಂದ ಐಒಎಸ್ 14ರಿಂದ ಪ್ರತಿ ಆ್ಯಪ್ ಮನೆಯ ನೆಟ್‌ವರ್ಕ್ ಹುಡುಕುವುದಕ್ಕೆ ಅನುಮತಿ ಕೇಳುತ್ತದೆ. ಅವತ್ತು ಅವಸರದಲ್ಲಿ ಬೇಡ ಅಂತ ಒತ್ತಿದ್ದರೆ ಆ ಆ್ಯಪ್‌ಗೆ ಸ್ಪೀಕರ್ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಅಂತ ಇದೆ, ಅಲ್ಲಿ ಆನ್ ಮಾಡಿ.

ಇನ್ನೊಂದು ಲಕ್ಷಣ ನೆನಪಿಡಿ. ರೌಟರ್ ಆಫ್ ಆನ್ ಮಾಡಿದ ಕೂಡಲೇ ಸ್ಪೀಕರ್ ಕಾಣುತ್ತದೆ, ಕೆಲವು ನಿಮಿಷ ಬಿಟ್ಟು ಮತ್ತೆ ಹೋಗುತ್ತದೆ, ಪ್ರತಿ ಸಲ ಹೀಗೇ ಅಂದರೆ ಐಜಿಎಂಪಿ ಸ್ನೂಪಿಂಗ್ ಎಂಬ ಸೆಟ್ಟಿಂಗ್ ನೋಡಿ. ಆ ಕೂಗನ್ನು ಬೇಕಾದವರಿಗಷ್ಟೇ ತಲುಪಿಸುವುದು ಅದರ ಕೆಲಸ. ಕೆಲವು ಅಗ್ಗದ ಡಬ್ಬಿಗಳಲ್ಲಿ ಅದು ಲೆಕ್ಕ ತಪ್ಪಿ ಸ್ಪೀಕರನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ಆಫ್ ಮಾಡಿ ಒಂದು ದಿನ ನೋಡಿ. ಅದೇ ಲೈನಿನಲ್ಲಿ ಟಿವಿ ಚಾನಲ್‌ಗಳೂ ಬರುತ್ತಿದ್ದರೆ ಟಿವಿ ಸರಿಯಾಗಿ ಬರುತ್ತಿದೆಯೇ ಅಂತಲೂ ಗಮನಿಸಿ, ಕೆಟ್ಟರೆ ಮತ್ತೆ ಆನ್ ಮಾಡಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ಸ್ಪೀಕರ್ ಕಳೆದುಹೋಗುತ್ತದೆ. ಮತ್ತೆ ಮೊದಲಿನಿಂದ ಸೆಟಪ್ ಮಾಡಬೇಕು. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಇದೇ ಕೆಲಸ.
– ಹಾವೇರಿ

ಉತ್ತರ: ಕರೆಂಟ್ ಬಂದ ಕೂಡಲೇ ಸ್ಪೀಕರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಫೈಬರ್ ಡಬ್ಬಿ ಏಳುವುದಕ್ಕೆ ಎರಡು ಮೂರು ನಿಮಿಷ ಬೇಕು. ವೈಫೈ ಸಿಗದ ಸ್ಪೀಕರ್ ಕೆಲವು ಸಲ ಹುಡುಕಿ ಕೈಬಿಡುತ್ತದೆ. ಆದ್ದರಿಂದ ಮರು ಸೆಟಪ್‌ಗೆ ಇಳಿಯಬೇಡಿ. ಐದು ನಿಮಿಷ ಬಿಟ್ಟು ಸ್ಪೀಕರ್ ಒಂದನ್ನೇ ಪ್ಲಗ್ ತೆಗೆದು ಹಾಕಿ, ಹೆಚ್ಚಿನ ಸಲ ತಾನೇ ಸರಿಯಾಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ರೌಟರ್ ಮನೆಯ ಪ್ರತಿ ಸಾಧನಕ್ಕೂ ಒಂದು ವಿಳಾಸ ಕೊಟ್ಟು ಪಟ್ಟಿ ಇಟ್ಟುಕೊಂಡಿರುತ್ತದೆ. ಕೆಲವು ಡಬ್ಬಿಗಳು ಕರೆಂಟ್ ಹೋದಾಗ ಆ ಪಟ್ಟಿಯನ್ನೇ ಮರೆಯುತ್ತವೆ. ಎದ್ದ ಮೇಲೆ ಸ್ಪೀಕರ್‌ನ ಹಳೆಯ ವಿಳಾಸವನ್ನು ಯಾವುದೋ ಫೋನಿಗೆ ಕೊಡುತ್ತವೆ. ಆ್ಯಪ್ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತದೆ, ಅಲ್ಲಿ ಸ್ಪೀಕರ್ ಇಲ್ಲ. ರೌಟರ್‌ನಲ್ಲಿ ಅಡ್ರೆಸ್ ರಿಸರ್ವೇಷನ್ ಅಂತ ಇರುತ್ತದೆ, ಅಲ್ಲಿ ಸ್ಪೀಕರ್‌ನ ಗುರುತಾದ ಮ್ಯಾಕ್ ಸಂಖ್ಯೆ ಹಾಕಿ ಒಂದು ವಿಳಾಸ ಕಾಯಂ ಮಾಡಿ. ಮ್ಯಾಕ್ ಸಂಖ್ಯೆ ಸಾಮಾನ್ಯವಾಗಿ ಸ್ಪೀಕರ್ ತಳದ ಚೀಟಿಯಲ್ಲಿ ಇರುತ್ತದೆ.

ಆದರೆ ನಿಮ್ಮ ಊರಿನ ಪರಿಸ್ಥಿತಿಗೆ ನಾನು ಹೇಳುವ ನಿಜವಾದ ಪರಿಹಾರ ರೌಟರ್‌ಗೆ ಒಂದು ಚಿಕ್ಕ ಯುಪಿಎಸ್. ಅಂಗೈಯಷ್ಟು ಇರುತ್ತದೆ, ಅಡಾಪ್ಟರ್ ಮತ್ತು ರೌಟರ್ ನಡುವೆ ಕೂರುತ್ತದೆ. ಕೊಳ್ಳುವಾಗ ರೌಟರ್ ಅಡಾಪ್ಟರ್ ಮೇಲಿನ ಬರಹ ಓದಿ. ವೋಲ್ಟ್ ಒಂದೇ ಇರಬೇಕು, 12 ವೋಲ್ಟ್‌ಗೆ 12 ವೋಲ್ಟೇ. ಆಂಪಿಯರ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಆಗಬಾರದು. ರೌಟರ್ ಮಲಗದಿದ್ದರೆ ಪಟ್ಟಿಯೂ ಮರೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಜೋರಾದರೆ ಮಾತ್ರ ಎಲ್ಲವನ್ನೂ ಪ್ಲಗ್‌ನಿಂದ ತೆಗೆಯಿರಿ. ಫೈಬರ್ ಗಾಜಿನದ್ದು, ಅದರಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ, ಆದರೆ ಪ್ಲಗ್ ಮೂಲಕ ಮತ್ತು ಮಹಡಿಯ ಮೇಲೆ ಹಾಯಿಸಿದ ಲ್ಯಾನ್ ಕೇಬಲ್ ಮೂಲಕ ಬರಬಹುದು.

ಪ್ರಶ್ನೆ: ಅಡುಗೆಮನೆಯ ಸ್ಪೀಕರ್‌ನಲ್ಲಿ ದಿನಾ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾಡು ಕಡಿಯುತ್ತದೆ. ಉಳಿದ ಹೊತ್ತು ಚೆನ್ನಾಗಿರುತ್ತದೆ.
– ರಾಣೆಬೆನ್ನೂರು

ಉತ್ತರ: ಆ ಹೊತ್ತಿಗೆ ಯಾರಾದರೂ ಮೈಕ್ರೋವೇವ್‌ನಲ್ಲಿ ಹಾಲು ಬಿಸಿ ಮಾಡುತ್ತಾರೆಯೇ? ನಮ್ಮ ಮನೆಯಲ್ಲಿ ಹೀಗೇ ಆಗುತ್ತಿತ್ತು. ಅಮ್ಮ ವಚನ ಹಾಕಿಕೊಂಡು ಕೆಲಸ ಮಾಡುತ್ತಿದ್ದರು, ಏಳೂವರೆಗೆ ಸರಿಯಾಗಿ ಎರಡು ನಿಮಿಷ ಸದ್ದು ಹರಿದು ಹರಿದು ಬರುತ್ತಿತ್ತು. ವಾರಗಟ್ಟಲೆ ನಾನು ರೌಟರ್ ಮೇಲೆ ಅನುಮಾನ ಪಟ್ಟೆ. ಒಂದು ದಿನ ಅಮ್ಮನೇ "ಹಾಲು ಇಟ್ಟಾಗ ಹೀಗಾಗುತ್ತದೆ" ಅಂದರು. ಮೈಕ್ರೋವೇವ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ 2.4 ಬ್ಯಾಂಡ್ ಇರುವುದೂ ಅಲ್ಲೇ. ಪೆಟ್ಟಿಗೆಯಿಂದ ಸೋರುವ ಅಲ್ಪಸ್ವಲ್ಪವೇ ಪಕ್ಕದ ಸ್ಪೀಕರ್‌ಗೆ ಸಾಕು. ಬ್ಲೂಟೂತ್ ಕೂಡ ಅದೇ ಜಾಗದ್ದು, ಅದಕ್ಕೂ ಇದೇ ಪೆಟ್ಟು. ಸ್ಪೀಕರ್‌ಗೆ 5 ಗಿಗಾಹರ್ಟ್ಸ್ ಬರುತ್ತದೆ, ರೌಟರ್‌ಗೂ ಅಡುಗೆಮನೆಗೂ ನಡುವೆ ದಪ್ಪ ಗೋಡೆ ಇಲ್ಲ ಅಂದರೆ 5ಕ್ಕೆ ಬದಲಿಸಿ. ಇಲ್ಲದಿದ್ದರೆ ಎರಡನ್ನೂ ಆದಷ್ಟು ದೂರ ಇಡಿ. ಮೇಲಿನ ಮಾಳಮಡ್ಡಿಯವರಿಗೆ 2.4 ಅಂದೆ, ನಿಮಗೆ 5 ಅನ್ನುತ್ತಿದ್ದೇನೆ. ಮನೆ ಬೇರೆ, ಉತ್ತರವೂ ಬೇರೆ.

ಪ್ರಶ್ನೆ: ನಮ್ಮ ತಂದೆಯವರು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟ ಕಚೇರಿಗಳನ್ನು ಕಂಪ್ಯೂಟರ್‌ಗೆ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ರೌಟರ್‌ನ ಯುಎಸ್‌ಬಿ ಕಿಂಡಿಗೆ ಹಾಕಿದರೆ ಸ್ಪೀಕರ್‌ನಲ್ಲಿ ಬರುತ್ತದೆ, ಆದರೆ ನಡುವೆ ಡಿಸ್ಕ್ ಕಾಣದಾಗುತ್ತದೆ. ಕನ್ನಡ ಹೆಸರುಗಳು ಬರೀ ಚೌಕಗಳಾಗಿ ಕಾಣುತ್ತವೆ.
– ಗದಗ-ಬೆಟಗೇರಿ

ಉತ್ತರ: ಮೊದಲಿಗೆ, ನೀವು ಮಾಡಿದ್ದು ದೊಡ್ಡ ಕೆಲಸ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನೂರಾರು ಮಕ್ಕಳಿಗೆ ಹಾಡು ಕಲಿಸಿದ ಊರು ನಿಮ್ಮದು, ಅಲ್ಲಿ ಮನೆ ಮನೆಯ ಕಪಾಟಿನಲ್ಲಿ ಇಂಥ ಕ್ಯಾಸೆಟ್‌ಗಳು ಬೂಸ್ಟು ಹಿಡಿಯುತ್ತಿವೆ. ಅದಕ್ಕೇ ಹೇಳುತ್ತೇನೆ, ಇನ್ನೊಂದು ಡಿಸ್ಕ್‌ನಲ್ಲಿ ನಕಲು ಇಟ್ಟು ಬೇರೆ ಮನೆಯಲ್ಲಿ ಇಡಿ. ಇದನ್ನು ಇವತ್ತೇ ಮಾಡಿ, ಉಳಿದದ್ದು ಆಮೇಲೆ.

ಡಿಸ್ಕ್ ಕಾಣದಾಗುವುದಕ್ಕೆ ಕರೆಂಟ್ ಸಾಲದಿರುವುದೇ ಕಾರಣ ಇರಬಹುದು. ಯುಎಸ್‌ಬಿ 2 ಕಿಂಡಿ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಕೊಡುವುದು 900. ಒಳಗೆ ತಿರುಗುವ ಡಿಸ್ಕ್ ಮಲಗಿ ಮತ್ತೆ ಏಳುವಾಗ ಒಂದು ಕ್ಷಣ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಸಿಗದಿದ್ದರೆ ಬಿದ್ದುಹೋಗುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ಅಥವಾ ಹಾಡುಗಳನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಅದನ್ನು ರೌಟರ್‌ಗೆ ಹಾಕಿ, ಮೂಲ ಡಿಸ್ಕ್ ಕಪಾಟಿನಲ್ಲಿ ಸುರಕ್ಷಿತವಾಗಿರಲಿ. ನನಗೆ ಎರಡನೆಯದೇ ಇಷ್ಟ.

ಚೌಕಗಳು ಕಾಣುತ್ತಿವೆ ಅಂದರೆ ನಿಮ್ಮ ಕನ್ನಡ ಅಕ್ಷರಗಳು ಫೈಲಿನಲ್ಲಿ ಸರಿಯಾಗಿವೆ, ಸ್ಪೀಕರ್‌ನ ಪರದೆಯಲ್ಲಿ ಕನ್ನಡ ಫಾಂಟ್ ಇಲ್ಲ. ಫೋನಿನ ಆ್ಯಪ್‌ನಿಂದ ಆರಿಸಿದರೆ ಕನ್ನಡ ಚೆನ್ನಾಗಿ ಕಾಣುತ್ತದೆ. ಚೌಕದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಮಾತ್ರ ಅಕ್ಷರಗಳೇ ಹಾಳಾಗಿವೆ ಅಂತ ಅರ್ಥ, ಆಗ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಚೌಕ ಕಾಣುತ್ತಿದೆ ಅಂತ ಕನ್ನಡ ಹೆಸರು ಅಳಿಸಿ ಇಂಗ್ಲಿಷ್‌ನಲ್ಲಿ ಬರೆಯಲು ಹೋಗಬೇಡಿ. ಹಾಡಿದವರ ಹೆಸರು, ರಾಗ, ಊರು, ವರ್ಷ ಎಲ್ಲವೂ ಕನ್ನಡದಲ್ಲೇ ಇರಲಿ.

ಪ್ರಶ್ನೆ: ಧಾರವಾಡ ಆಕಾಶವಾಣಿ ಫೋನಿನಲ್ಲಿ ಬರುತ್ತದೆ, ಹಳೆಯ ಇಂಟರ್‌ನೆಟ್ ರೇಡಿಯೋದಲ್ಲಿ ಬರುವುದಿಲ್ಲ. ಬೇರೆ ಸ್ಟೇಷನ್‌ಗಳು ಅದರಲ್ಲಿ ಬರುತ್ತವೆ. ನೆಟ್ ತೊಂದರೆಯೇ?
– ನವನಗರ, ಹುಬ್ಬಳ್ಳಿ

ಉತ್ತರ: ನೆಟ್ ತೊಂದರೆ ಅಲ್ಲ, ಬೇರೆ ಸ್ಟೇಷನ್ ಬರುತ್ತಿವೆಯಲ್ಲ. ಹಳೆಯ ಇಂಟರ್‌ನೆಟ್ ರೇಡಿಯೋಗಳಲ್ಲಿ ಬಹಳಷ್ಟಕ್ಕೆ ಅರ್ಥವಾಗುವುದು ಒಂದೇ ಸಮನೆ ಹರಿದು ಬರುವ ಎಂಪಿ3. ಆಕಾಶವಾಣಿಯ ಪ್ರಸಾರ ನೆಟ್‌ನಲ್ಲಿ ಬರುವುದು ಎಚ್‌ಎಲ್‌ಎಸ್ ವಿಧಾನದಲ್ಲಿ, ಅಂದರೆ ಕೆಲವು ಸೆಕೆಂಡ್‌ಗಳ ಚಿಕ್ಕ ಚಿಕ್ಕ ತುಂಡುಗಳಾಗಿ. ಅದನ್ನು ಜೋಡಿಸಿ ನುಡಿಸುವುದು ನಿಮ್ಮ ರೇಡಿಯೋಗೆ ತಿಳಿದಿಲ್ಲ. ಕಂಪನಿ ಹೊಸ ಸಾಫ್ಟ್‌ವೇರ್ ಕೊಟ್ಟಿದ್ದರೆ ಹಾಕಿ ನೋಡಿ. ಇಲ್ಲದಿದ್ದರೆ ಫೋನಿನಲ್ಲಿ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ತೆರೆದು ಬ್ಲೂಟೂತ್‌ನಲ್ಲಿ ಆ ರೇಡಿಯೋಗೆ ಕಳಿಸಿ, ಅಥವಾ ಆಕ್ಸ್ ವೈರ್ ಹಾಕಿ.

ಒಂದು ವಿಷಯ ಗಮನದಲ್ಲಿರಲಿ. 1950ರಲ್ಲಿ ಶುರುವಾದ ಈ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ ಮೀಡಿಯಂ ವೇವ್‌ನಲ್ಲಿ ಬರುತ್ತದೆ. ಅದಕ್ಕೆ ವೈಫೈ ಬೇಡ, ಪಾಸ್‌ವರ್ಡ್ ಬೇಡ, ಫೈಬರ್ ಬೇಡ. ನೆಟ್‌ನಲ್ಲಿ ತುಂಡುಗಳನ್ನು ಕೂಡಿಸಿಕೊಂಡು ಬರುವುದರಿಂದ ಸದ್ದು ರೇಡಿಯೋಗಿಂತ ಹಲವು ಸೆಕೆಂಡ್ ತಡವಾಗಿ ಬರುತ್ತದೆ. ಆದ್ದರಿಂದ ಸುದ್ದಿಗೆ ಮುಂಚೆ ಬರುವ ಪಿಪ್ ಸದ್ದಿಗೆ ಗಡಿಯಾರ ಹೊಂದಿಸುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಅದನ್ನು ಫೋನ್ ನಂಬಿ ಮಾಡಬೇಡಿ, ಟ್ರಾನ್ಸಿಸ್ಟರ್ ಹಚ್ಚಿಯೇ ಮಾಡಿ.